ಕುಂಡದ ಡೆಂಟಾಟಾ ಲ್ಯಾವೆಂಡರ್‌ಗೆ ನ್ಯೂಜೆರ್ಸಿ ಚಳಿಗಾಲ

ಅಕ್ಕಾ, ಕುಂಡದ ಲ್ಯಾವೆಂಡರನ್ನು ಚಳಿಗಾಲದಲ್ಲಿ ಉಳಿಸಿಕೊಳ್ಳೋದು ಹೇಗೆ ಅಂತ ಕೇಳಿದ್ರಲ್ಲ, ಫೋಟೋ ನೋಡಿದೆ. ಎಲೆಯಂಚು ಹಲ್ಲುಹಲ್ಲಾಗಿದೆ, ಹಾಗಾಗಿ ಇದು ಡೆಂಟಾಟಾ ಅನ್ನೋ ಜಾತಿಯ ಲ್ಯಾವೆಂಡರ್. ನ್ಯೂಜೆರ್ಸಿಯ ಎಡಿಸನ್ ಊರಿನ ಚಳಿಗೆ ಹೊರಗೆ ಬಿಟ್ಟರೆ ಉಳಿಯಲ್ಲ. ಮೇಲಿನ ಕಾಮೆಂಟಿನಲ್ಲಿ ಒಬ್ಬರು "ಬುಡಕ್ಕೆ ಒಣ ಎಲೆ ಮುಚ್ಚಿ ಸಾಕು" ಅಂದಿದ್ದಾರಲ್ಲ, ಅವರದು ನೆಲದಲ್ಲಿರುವ ಇಂಗ್ಲಿಷ್ ಲ್ಯಾವೆಂಡರ್ ಇರಬೇಕು. ಅದು ಬೆಟ್ಟದ ಗಿಡ, ಹಿಮ ತಡೆಯುತ್ತೆ. ಡೆಂಟಾಟಾ ಮೈನಸ್ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಸೋಲುತ್ತೆ. ಕುಂಡದಲ್ಲಂತೂ ಬೇರಿಗೆ ಸುತ್ತಲಿಂದಲೂ ಶೀತ ಹೊಡೆಯುತ್ತೆ.

ಕತ್ತಲ ಬೇಸ್‌ಮೆಂಟೂ ಬೇಡ. ಅಂಜೂರಕ್ಕೆ ಅದು ಸರಿ, ಎಲೆ ಉದುರಿಸಿ ಮಲಗುವ ಗಿಡ. ಇದು ವರ್ಷವಿಡೀ ಎಲೆ ಹೊತ್ತಿರುತ್ತೆ, ಬೆಳಕಿಲ್ಲದೆ ಆಗಲ್ಲ.

ಇನ್ನು ನಮ್ಮವರು ಕರಿಬೇವನ್ನು ಬೆಚ್ಚಗೆ ಒಳಗಿಟ್ಟು ಸಾಕ್ತಾರಲ್ಲ, ಆ ಮುದ್ದು ಇದಕ್ಕೆ ಮಾಡಬೇಡಿ. ಹೀಟರಿನ ಬಿಸಿ, ಮಂದ ಬೆಳಕು, ಒದ್ದೆ ಮಣ್ಣು, ಮೂರೂ ಸೇರಿದರೆ ಚಿಗುರು ಬಿಳಿಚಿಕೊಂಡು ಉದ್ದಕ್ಕೆ ಎಳೆದುಕೊಳ್ಳುತ್ತೆ, ಕೆಂಪು ನುಸಿ ಹತ್ತುತ್ತೆ, ಬೇರು ಕೊಳೆಯುತ್ತೆ. ಒಳಗೆ ತಂದ ಲ್ಯಾವೆಂಡರ್ ಸಾಯೋದು ಹೆಚ್ಚಾಗಿ ಹೀಗೆಯೇ. ಇದಕ್ಕೆ ಬೇಕಾಗಿರೋದು ತಂಪು ಮತ್ತು ಬೆಳಕು: 5ರಿಂದ 10 ಡಿಗ್ರಿ ಇರುವ ಸನ್‌ರೂಮ್, ಅಥವಾ ಬಿಸಿಲು ಬೀಳುವ ಕಿಟಕಿಯ ಗ್ಯಾರೇಜು. ಎರಡೂ ಇಲ್ಲದಿದ್ದರೆ ಮನೆಯಲ್ಲೇ ತಂಪಾದ ಕೋಣೆಯ ದಕ್ಷಿಣದ ಕಿಟಕಿ, ಜೊತೆಗೆ ದಿನಕ್ಕೆ 12-14 ಗಂಟೆ ಗ್ರೋ ಲೈಟ್, ಅಂದರೆ ಗಿಡ ಬೆಳೆಸೋ ದೀಪ.

ನೀರು ವಾರಕ್ಕಿಷ್ಟು ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಕುಂಡ ಎತ್ತಿ ನೋಡಿ, ಹಗುರವಾಗಿದ್ದು ಬೆರಳು ಇಳಿಸಿದಷ್ಟು ಆಳಕ್ಕೆ ಮಣ್ಣು ಒಣಗಿದ್ದರೆ ಮಾತ್ರ ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಹಾಗಂತ ಪೂರ್ತಿ ಮರೆತರೂ ಕಷ್ಟ. ಬೂದು ಬಣ್ಣದ ಎಲೆ, ಬಾಡಿದ್ದು ಬೇಗ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ಕೈ ಮೀರಿರುತ್ತೆ. ಗೊಬ್ಬರ ವಸಂತದವರೆಗೆ ಬೇಡ.

ಅಕ್ಟೋಬರಿನಲ್ಲಿ ಇಬ್ಬನಿ ಹೆಪ್ಪುಗಟ್ಟೋ ಮುಂಚೆಯೇ ಒಳಗೆ ತನ್ನಿ. ತರುವಾಗ ಎಲೆಯ ಅಡಿ ನೋಡಿ ನೀರಿನಿಂದ ತೊಳೆಯಿರಿ, ಬಿಳಿ ನೊಣ ಅಲ್ಲೇ ಅಡಗಿರುತ್ತೆ. ಹಸಿರು ಭಾಗವನ್ನಷ್ಟೇ ತುಸು ಕತ್ತರಿಸಿ. ಎಲೆಯಿಲ್ಲದ ಹಳೇ ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಚಿಗುರೋದು ಅಪರೂಪ.

ಕತ್ತರಿಸಿದ್ದನ್ನು ಎಸೆಯಬೇಡಿ! ಹೂವಿಲ್ಲದ 3-4 ಇಂಚಿನ ತುದಿಗಳ ಕೆಳಗಿನ ಎಲೆ ಕಿತ್ತು, ಅರ್ಧ ಪರ್ಲೈಟ್ (ನೀರು ಬಸಿಯಲು ಹಾಕೋ ಹಗುರ ಬಿಳಿ ಹರಳು) ಬೆರೆಸಿದ ಮಣ್ಣಿಗೆ ಊರಿ. ತಿಂಗಳು, ಒಂದೂವರೆ ತಿಂಗಳಲ್ಲಿ ಬೇರು ಬರುತ್ತೆ. ತಾಯಿಗಿಡ ಹೋದರೂ ಕಿಟಕಿ ಕಟ್ಟೆ ಮೇಲೆ ಮರಿಗಳಿರುತ್ತವೆ. ನಿಜ ಹೇಳಬೇಕಂದ್ರೆ, ದೊಡ್ಡ ಕುಂಡ ಹೊತ್ತು ತಿರುಗೋದಕ್ಕಿಂತ ನನಗೆ ಇದೇ ವಾಸಿ.

ಮೇ ನಡುವಿಗೆ ಹೊರಗೆ ಇಡಬಹುದು, ಮೊದಲ ಒಂದು ವಾರ ನೆರಳಲ್ಲಿ. ನಿಮ್ಮ ಗ್ಯಾರೇಜಿನ ಕಿಟಕಿ ಯಾವ ದಿಕ್ಕಿಗಿದೆ ಹೇಳಿ, ಗ್ರೋ ಲೈಟ್ ಬೇಕಾ ಅಂತ ನೋಡೋಣ.