ಸಾಲವನ್ನೂ ನೆರವು ಅಂತ ಬರೆದುಕೊಂಡರೆ?

ಕೊಡಗಿನ ಮಾದಾಪುರದ ಓದುಗರೊಬ್ಬರು ಕೇಳಿದ್ದಾರೆ: ಹವಾಮಾನ ಬದಲಾವಣೆ ಎದುರಿಸಲು ಶ್ರೀಮಂತ ದೇಶಗಳು 2022ರಲ್ಲಿ ಬಡ ದೇಶಗಳಿಗೆ 11,590 ಕೋಟಿ ಡಾಲರ್ ಕೊಟ್ಟವಂತೆ. 2018ರ ಆಗಸ್ಟ್‌ನಲ್ಲಿ ನಮ್ಮ ಅರ್ಧ ತೋಟ ಕಾಫಿ ಗಿಡ, ಮೆಣಸಿನ ಬಳ್ಳಿ ಸಮೇತ ಜಾರಿ ಹೊಳೆ ಸೇರಿತು. ಅಷ್ಟೊಂದು ದುಡ್ಡು ಯಾರ ಕೈಗೆ ಹೋಯ್ತು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಅಂಕಿ ಒಇಸಿಡಿಯದ್ದು, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟದ್ದು. ಕೊಡುವವರೇ ಬರೆದ ಲೆಕ್ಕ. 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಅಂತ 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟಿದ್ದರು. ಎರಡು ವರ್ಷ ತಡವಾಗಿ ಮುಟ್ಟಿದರು. ತಡವಾದದ್ದಕ್ಕಿಂತ ಲೆಕ್ಕ ಬರೆದ ರೀತಿಯೇ ನನಗೆ ಜಾಸ್ತಿ ನೋವು ತರುತ್ತದೆ.

ಸರ್ಕಾರಗಳು, ಅಭಿವೃದ್ಧಿ ಬ್ಯಾಂಕುಗಳು ಕೊಟ್ಟ ಹಣದಲ್ಲಿ ನೂರಕ್ಕೆ 69 ಪಾಲು ಸಾಲ. ವಾಪಸ್ ಕೇಳದೆ ಕೊಟ್ಟದ್ದು ಸುಮಾರು 28. ಗೊಬ್ಬರಕ್ಕೆ ನೀವು ತೆಗೆದ ಸಾಲವನ್ನು ಸೊಸೈಟಿಯವರು ದಾನ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರಾ? ಇಲ್ಲಿ ಸಾಲದ ಅಸಲು ಪೂರ್ತಿ ನೆರವಿನ ಖಾತೆಗೆ ಹೋಗುತ್ತದೆ. ಬಡ ದೇಶ ತೀರಿಸುವ ಕಂತು, ಬಡ್ಡಿ ಯಾವುದನ್ನೂ ಕಳೆಯುವುದಿಲ್ಲ. ಇದನ್ನೆಲ್ಲ ಲೆಕ್ಕ ಹಿಡಿದರೆ 2022ರ ನಿಜವಾದ ನೆರವು 2,800ರಿಂದ 3,500 ಕೋಟಿ ಡಾಲರ್ ಅಷ್ಟೇ ಅಂತ ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆ ಅಂದಾಜು ಮಾಡಿದೆ.

ಯಾವುದು ಹವಾಮಾನದ ಕೆಲಸ ಅನ್ನುವುದಕ್ಕೂ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಯೋಜನೆಯ ಹಲವು ಉದ್ದೇಶಗಳಲ್ಲಿ ಹವಾಮಾನವೂ ಒಂದು ಅಂತಾದರೆ, ಕೆಲವು ದೇಶಗಳು ಖರ್ಚಿನ ಶೇ. 40ರಷ್ಟನ್ನು ಮಾತ್ರ ಬರೆದುಕೊಳ್ಳುತ್ತವೆ. ಜಪಾನ್ ಪೂರ್ತಿ ಬರೆದುಕೊಳ್ಳುತ್ತದೆ. 2023ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಈ ಕಡತಗಳನ್ನು ಕೆದಕಿತು. ಬಾಂಗ್ಲಾದೇಶದ ಮಾತಾರ್‌ಬಾರಿ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಕೊಟ್ಟ ಸಾಲ ಜಪಾನಿನ ಪಟ್ಟಿಯಲ್ಲಿತ್ತು. ಏಷ್ಯಾದಲ್ಲಿ ಚಾಕೊಲೇಟ್, ಐಸ್‌ಕ್ರೀಂ ಅಂಗಡಿ ತೆರೆಯಲು ಕೊಟ್ಟ ನೆರವು ಇಟಲಿಯ ಪಟ್ಟಿಯಲ್ಲಿತ್ತು. ಕಲ್ಲಿದ್ದಲು ಸುಡುವುದು ಹವಾಮಾನದ ನೆರವಂತೆ!

ಒಇಸಿಡಿ ಹೇಳುವ ಆ 11,590 ಕೋಟಿಯಲ್ಲೂ ಅತಿವೃಷ್ಟಿ, ಬರ ತಡೆದುಕೊಳ್ಳುವ ಕೆಲಸಕ್ಕೆ ಸಿಕ್ಕಿದ್ದು ಬರೀ 3,240 ಕೋಟಿ ಡಾಲರ್. ಸೋಲಾರ್‌ಗೆ ಸಾಲ ಕೊಟ್ಟರೆ ಕರೆಂಟ್ ಮಾರಿ ತೀರಿಸುತ್ತಾರೆ. ಗುಡ್ಡದ ಮೇಲೆ ಮಳೆಮಾಪಕ ಇಟ್ಟು, ಕುಸಿಯುವ ಮೊದಲೇ ಜನರನ್ನು ಕೆಳಗಿಳಿಸಿದರೆ ಜೀವ ಉಳಿಯುತ್ತದೆ, ಆದರೆ ದುಡ್ಡು ಹುಟ್ಟುವುದಿಲ್ಲ. ಗುಡ್ಡ ಕುಸಿದ ಜೋಡುಪಾಲ, ಮಕ್ಕಂದೂರಿನಂಥ ಕಡೆ ಬೇಕಾದದ್ದು ಇದೇ ಅಲ್ವಾ?

ಇನ್ನು ಕಳೆದುಹೋದ ತೋಟದ ನಷ್ಟ. ಅಂಥ ನಷ್ಟಕ್ಕೆ ಬೇರೆ ನಿಧಿ ಮಾಡಲು 2022ರಲ್ಲಿ ಈಜಿಪ್ಟ್‌ನ ಹವಾಮಾನ ಸಮ್ಮೇಳನದಲ್ಲಿ ಒಪ್ಪಿಕೊಂಡರು. ಅದಕ್ಕೆ ಹಣ ಹಾಕಲೇಬೇಕು ಅನ್ನುವ ಕಟ್ಟುಪಾಡು ಯಾರಿಗೂ ಇಲ್ಲ. 2024ರಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ಸಮ್ಮೇಳನ ಸೇರಿ, 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರ್ ಅಂದರು. ಇದು ಏನೇನೂ ಸಾಲದು ಅಂತ ಭಾರತ ಅಲ್ಲೇ ವಿರೋಧಿಸಿತು. ಸರಿಯಾಗಿಯೇ ಮಾಡಿತು. ಅದರಲ್ಲಿ ಸಾಲ ಎಷ್ಟು, ಅನುದಾನ ಎಷ್ಟು ಅಂತ ಆ ಒಪ್ಪಂದದಲ್ಲಿ ಬರೆದಿಲ್ಲ. ಬರೆಸುವವರೆಗೆ ನಮ್ಮವರು ಪಟ್ಟು ಬಿಡಬಾರದು.

– ಸಂಪಾದಕ