ಗೋಡೆಗೆ ಬೆಲ್ಲ ಹಾಕಿದರೆ ಗಟ್ಟಿಯಾಗುತ್ತಾ?

ಪ್ರಶ್ನೆ: ನಮ್ಮ ಹಳೆ ಮನೆಯನ್ನು ಬೆಲ್ಲ, ಅಳಲೆಕಾಯಿ, ಮೊಟ್ಟೆ ಹಾಕಿ ಕಟ್ಟಿದ್ದು ಅಂತ ಅಜ್ಜಿ ಹೇಳುತ್ತಿದ್ದರು. ಈಗ ಒಂದು ಗೋಡೆಯ ಗಾರೆ ಉದುರುತ್ತಿದೆ. ಸಿಮೆಂಟ್ ಹಚ್ಚಿಸಿದೆ, ಎರಡೇ ವರ್ಷಕ್ಕೆ ಸಿಪ್ಪೆಯ ಹಾಗೆ ಎದ್ದು ಬಂತು. ಬೆಲ್ಲ ಹಾಕಿದರೆ ನಿಲ್ಲುತ್ತಾ? ಇಲ್ಲಾ ಇದೆಲ್ಲ ಸುಮ್ನೆ ಕಥೆನಾ?

ಉತ್ತರ: ಕಥೆಯಲ್ಲ. ಆದರೆ ಅಜ್ಜಿಯ ಪಟ್ಟಿಯಲ್ಲಿ ಸುಣ್ಣದ ಹೆಸರೇ ಇಲ್ಲ ನೋಡಿ! ಗೋಡೆಯನ್ನು ಹಿಡಿದಿರುವುದು ಅದು. ಬೆಲ್ಲ, ಅಳಲೆಕಾಯಿ ಅದರ ಕೈಯಾಳುಗಳು.

ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಬೆಲ್ಲದ ನೀರಿನಲ್ಲಿ ಸುಣ್ಣ ಬರೀ ನೀರಿಗಿಂತ ಜಾಸ್ತಿ ಕರಗುತ್ತದೆ. ಕಡಿಮೆ ನೀರಿಗೇ ಗಾರೆ ನುಣ್ಣಗೆ ಬರುತ್ತದೆ, ಕರಣೆಗೆ ಸಲೀಸಾಗಿ ಒಗ್ಗುತ್ತದೆ. ನೀರು ಕಮ್ಮಿಯಾದರೆ ಬಿರುಕೂ ಕಮ್ಮಿ, ಅಲ್ವಾ? ಚೀನಾದವರು ಅಂಟಕ್ಕಿಯ ಗಂಜಿ ಬೆರೆಸುತ್ತಿದ್ದರು. ಅದರ ಗುಟ್ಟನ್ನು ಅಲ್ಲಿನ ವಿಜ್ಞಾನಿಗಳು 2010ರಲ್ಲಿ ಬಿಡಿಸಿಟ್ಟರು. ಗಂಜಿಯ ಅಮೈಲೊಪೆಕ್ಟಿನ್ ಎಂಬ ಪಿಷ್ಟ, ಸುಣ್ಣ ಕಲ್ಲಾಗುವಾಗ ಮೂಡುವ ಹರಳುಗಳನ್ನು ದೊಡ್ಡದಾಗಲು ಬಿಡುವುದಿಲ್ಲ. ಸಣ್ಣ ಹರಳುಗಳು ಒತ್ತೊತ್ತಾಗಿ ಕೂತು ಗಾರೆ ಬಿಗಿಯಾಗುತ್ತದೆ.

ಹಾಗಂತ ಕೈ ತುಂಬಾ ಸುರಿಯಬೇಡಿ. ಕೆಲಸ ಕಲಿಯುವಾಗ ನಾನು ಒಂದು ಮೂಲೆಗೆ ‘ಗಟ್ಟಿಯಾಗಲಿ’ ಅಂತ ದುಪ್ಪಟ್ಟು ಬೆಲ್ಲ ಹಾಕಿದ್ದೆ. ಹತ್ತು ದಿನವಾದರೂ ಉಗುರಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು, ಮೇಲೆ ಇರುವೆ ಸಾಲು. ಸಕ್ಕರೆ ಅಂಶ ಹೆಚ್ಚಾದರೆ ಗಾರೆ ಬಿಗಿಯುವುದು ತಡವಾಗುತ್ತದೆ. ಕೊನೆಗೆ ಎಲ್ಲ ಕೆರೆದು ತೆಗೆದೆ.

ನಿಮ್ಮ ಸಿಮೆಂಟ್ ಎದ್ದದ್ದು ಬೆಲ್ಲ ಇಲ್ಲದ್ದಕ್ಕಲ್ಲ. ಹಳೆ ಗೋಡೆ ತೇವವನ್ನು ಹೊರಗೆ ಬಿಡುತ್ತಾ ಇರುತ್ತದೆ, ಸಿಮೆಂಟ್ ಅದಕ್ಕೆ ಮುಚ್ಚಳ ಹಾಕುತ್ತದೆ. ಒಳಗೆ ಸಿಕ್ಕಿಕೊಂಡ ನೀರು, ಉಪ್ಪು ಅದನ್ನೇ ತಳ್ಳುತ್ತವೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ, ಸಿಮೆಂಟ್ ಪೂರ್ತಿ ತೆಗೆಸಿ. ಹೊಸ ಗಾರೆಗೆ, ನೀರು ಹಾಕಿ ಅರಳಿಸಿ, ಸೋಸಿ, ನೀರಿನಡಿ ಮಾಗಿಸಿದ ಸುಣ್ಣ ಒಂದು ಪಾಲು, ಮಣ್ಣಿಲ್ಲದ ಒರಟು ಮರಳು ಮೂರು ಪಾಲು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ, ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಗೋಡೆ ನೆನೆಸಿ, ತೆಳುವಾಗಿ ಎರಡು ಮೂರು ಸಲ ಬಳಿಸಿ. ಬಿಸಿಲಿಗೆ ಒದ್ದೆ ಗೋಣಿ ಕಟ್ಟಿ. ಬೆಲ್ಲ ಬೇಕೇಬೇಕು ಅನಿಸಿದರೆ ಮೊದಲು ಮೊಣಕೈ ಉದ್ದದ ಜಾಗದಲ್ಲಿ ಸ್ವಲ್ಪವೇ ಹಾಕಿ ನೋಡಿ. ಮೊಟ್ಟೆ ಮನೆಯಲ್ಲೇ ಇರಲಿ.