ಹೆಸರಿಗೆ ಸೂಪರ್‌ವೈಸರ್, ಅರ್ಜಿ ಮ್ಯಾನೇಜರ್ ಹುದ್ದೆಗೆ: ಫಾರಂನಲ್ಲಿ ಏನು ಬರೆಯಬೇಕು?

ಹನ್ನೊಂದು ವರ್ಷದಿಂದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೀರಿ. ಈಗ ಇನ್ನೊಂದು ಕಡೆ ಪ್ರೊಡಕ್ಷನ್ ಮ್ಯಾನೇಜರ್ ಹುದ್ದೆಗೆ ಕರೆದಿದ್ದಾರೆ. ರೆಸ್ಯೂಮೆ ಕೊಟ್ಟ ಮೇಲೂ ಆರು ಪುಟದ ಫಾರಂ ಏಕೆ, ಮ್ಯಾನೇಜರ್ ಎಂಬ ಹುದ್ದೆಯನ್ನೇ ನೋಡದವನು ಅದರಲ್ಲಿ ಏನು ತುಂಬಬೇಕು ಎಂದು ಕೇಳಿದ್ದೀರಿ. ನಾನು ಪೀಣ್ಯದಲ್ಲಿ, ಆಮೇಲೆ ತುಮಕೂರಿನ ವಸಂತನರಸಾಪುರದಲ್ಲಿ ಸಿಬ್ಬಂದಿ ವಿಭಾಗದಲ್ಲಿದ್ದವನು. ಇಂಥ ಫಾರಂಗಳನ್ನು ರಾಶಿಗಟ್ಟಲೆ ಓದಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ರೆಸ್ಯೂಮೆಯಲ್ಲಿ ಬೇಡದ್ದನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಫಾರಂನಲ್ಲಿ ಬಿಟ್ಟರೆ ಖಾಲಿ ಚೌಕ ಎದ್ದು ಕಾಣುತ್ತದೆ. ಕೊನೆಯಲ್ಲಿ ನಿಮ್ಮ ಸಹಿಯೂ ಇರುತ್ತದೆ. ಹಾಗಾಗಿ ಎಲ್ಲಿಯೂ 'ರೆಸ್ಯೂಮೆ ನೋಡಿ' ಎಂದು ಬರೆಯಬೇಡಿ. ಮ್ಯಾನೇಜರ್ ಆಗಲು ಬಂದವರಿಗೇ ಕಾಗದದ ಕೆಲಸವೆಂದರೆ ಇಷ್ಟು ಬೇಸರವೇ ಎಂದು ನನಗಂತೂ ಅನ್ನಿಸುತ್ತಿತ್ತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಬಹಳಷ್ಟು ಜನ ಖಾಲಿ ಬಿಡುವ ಒಂದು ಚೌಕದಲ್ಲಿ. 'ಸಂಸ್ಥೆಯಲ್ಲಿ ನಿಮ್ಮ ಸ್ಥಾನವನ್ನು ತೋರಿಸುವ ನಕ್ಷೆ ಬರೆಯಿರಿ' ಎಂದು ಅರ್ಧ ಪುಟ ಜಾಗ ಬಿಟ್ಟಿರುತ್ತಾರೆ. ನಾನು ಮೊದಲು ತೆರೆಯುತ್ತಿದ್ದುದೇ ಆ ಪುಟವನ್ನು. ಹುದ್ದೆಯ ಹೆಸರಿನ ಅಂಕಣದಲ್ಲಿ ನೇಮಕಾತಿ ಪತ್ರದಲ್ಲಿರುವಂತೆ 'ಸೂಪರ್‌ವೈಸರ್' ಎಂದೇ ಬರೆಯಿರಿ, ನಿಮಗೆ ನೀವೇ ಬಡ್ತಿ ಕೊಟ್ಟುಕೊಳ್ಳಬೇಡಿ. ಆದರೆ ನಕ್ಷೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆಯೋ ಅದನ್ನು ತೋರಿಸಿ: ನಿಮ್ಮ ಮೇಲೆ ಇಬ್ಬರು ಯಾರು, ನಿಮ್ಮ ಕೆಳಗೆ ಎಷ್ಟು ಜನ, ಅವರಲ್ಲಿ ಕಂಪನಿಯವರೆಷ್ಟು, ಗುತ್ತಿಗೆಯವರೆಷ್ಟು. 'ದೊಡ್ಡ ತಂಡವನ್ನು ಮುನ್ನಡೆಸಿದ್ದೇನೆ' ಎಂಬ ಮಾತಿನಿಂದ ನನಗೆ ಏನೂ ತಿಳಿಯುತ್ತಿರಲಿಲ್ಲ. 'ಎರಡನೇ ಪಾಳಿ, 64 ಮಂದಿ, ಅದರಲ್ಲಿ 50 ಗುತ್ತಿಗೆ ಕಾರ್ಮಿಕರು. ರಜೆಗೆ ಮತ್ತು ಓವರ್‌ಟೈಮಿಗೆ ನನ್ನ ಸಹಿ. ಬಿಡಿಭಾಗ ತರಿಸಲು ಇಂಡೆಂಟ್ (ಬೇಡಿಕೆ ಚೀಟಿ) ನನ್ನದು, ಮಂಜೂರಾತಿ ಮ್ಯಾನೇಜರರದು' ಎಂದು ಬರೆದವನನ್ನು ಸಂದರ್ಶನಕ್ಕೆ ಕರೆಯದೆ ಬಿಟ್ಟದ್ದು ನೆನಪಿಲ್ಲ. ಮಂಜೂರಾತಿ ತನ್ನದಲ್ಲ ಎಂದು ತಾನಾಗಿ ಹೇಳಿದ್ದರಿಂದಲೇ ಉಳಿದದ್ದನ್ನೂ ನಂಬಬಹುದಿತ್ತು.

ದಿನಾಂಕಗಳ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಎರಡು ಕೆಲಸಗಳ ನಡುವೆ ಐದು ತಿಂಗಳು ಮನೆಯಲ್ಲಿದ್ದೆ. ಅವಮಾನವೆನಿಸಿ ಹಳೆಯ ಕೆಲಸ ಬಿಟ್ಟ ತಾರೀಖನ್ನು ಮುಂದಕ್ಕೆ ಎಳೆದು ಬರೆದೆ. ಆಫರ್ ಬಂತು, ಪರಿಶೀಲನೆಯಾಯಿತು, ಆಫರ್ ವಾಪಸು ಹೋಯಿತು. 2014ರಲ್ಲಿ ಭವಿಷ್ಯನಿಧಿಗೆ (ಪಿಎಫ್) ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ಒಂದೇ ಸಂಖ್ಯೆ, ಬಂದ ಮೇಲೆ ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದೆಲ್ಲ ಒಂದೇ ಕಡೆ ಸಿಗುತ್ತದೆ. ಆದ್ದರಿಂದ ಫಾರಂ ಮುಟ್ಟುವ ಮೊದಲು ಪಿಎಫ್ ಜಾಲತಾಣದಲ್ಲಿ ನಿಮ್ಮ 'ಸರ್ವಿಸ್ ಹಿಸ್ಟರಿ' ತೆರೆದು, ಅದರಲ್ಲಿರುವ ತಾರೀಖುಗಳನ್ನು ನಿಮ್ಮ ರಿಲೀವಿಂಗ್ ಪತ್ರದ ಜೊತೆ ತಾಳೆ ನೋಡಿ. ನಡುವೆ ಬಿಡುವಿದ್ದರೆ 'ತಂದೆಯ ಅನಾರೋಗ್ಯ' ಎಂದೋ, 'ಕೆಲಸ ಹುಡುಕುತ್ತಿದ್ದೆ' ಎಂದೋ, ಯಾವುದು ನಿಜವೋ ಅದನ್ನು ಬರೆದರೆ ಸಾಕು.

ಸಂಬಳದ ಅಂಕಣದಲ್ಲಿ ನಿಮ್ಮಂಥವರು ಕಳೆದುಕೊಳ್ಳುವುದೇ ಹೆಚ್ಚು. ಬ್ಯಾಂಕಿಗೆ ಬೀಳುವ ಮೊತ್ತವನ್ನು ಹನ್ನೆರಡರಿಂದ ಗುಣಿಸಿ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಎಂದು ಬರೆದುಬಿಡುತ್ತಾರೆ. ಮೂಲ ವೇತನ 30,000 ರೂಪಾಯಿ, ಪಿಎಫ್ ಪೂರ್ತಿ ಮೂಲ ವೇತನದ ಮೇಲೆ ಎಂದಿಟ್ಟುಕೊಳ್ಳಿ. ನಿಮ್ಮ ಪಾಲು ಶೇಕಡಾ 12, ಅಂದರೆ 3,600 ಕಡಿತವಾಗುತ್ತದೆ. ಕಂಪನಿಯೂ ಅಷ್ಟನ್ನೇ ಹಾಕುತ್ತದೆ. ಗ್ರಾಚ್ಯುಟಿಗೆಂದು ಶೇಕಡಾ 4.81, ಸುಮಾರು 1,443. ಬ್ಯಾಂಕಿಗೆ ಬೀಳದ ಈ ಮೂರೇ ಸೇರಿದರೂ ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ, ಬೋನಸ್ಸು, ವಿಮೆ ಬೇರೆ. ಸಿಟಿಸಿ ವಿವರ ಕೊಡಿ ಎಂದು ನಿಮ್ಮ ಕಚೇರಿಯಲ್ಲಿ ಕೇಳುವುದು ಕಷ್ಟವಾದರೆ ಕಳೆದ ವೇತನ ಪರಿಷ್ಕರಣೆಯ ಪತ್ರ ನೋಡಿ. ನಿರೀಕ್ಷಿತ ಸಂಬಳಕ್ಕೆ 'ಕಂಪನಿಯ ನಿಯಮದಂತೆ' ಎಂದು ಬರೆಯುವುದು ವಿನಯವೆಂದು ನಮ್ಮಲ್ಲಿ ಒಂದು ನಂಬಿಕೆಯಿದೆ. ಓದುವವರು ಅದನ್ನು ಕಡಿಮೆಗೂ ಒಪ್ಪುತ್ತಾನೆ ಎಂದೇ ಓದಿಕೊಳ್ಳುತ್ತಾರೆ. ಒಂದು ಮೊತ್ತ ಬರೆಯಿರಿ.

ಕೆಲಸ ಬಿಡಲು ಕಾರಣ: ಹನ್ನೊಂದು ವರ್ಷದ ಸಂಕಟವನ್ನೆಲ್ಲ ಅಲ್ಲಿ ತೋಡಿಕೊಳ್ಳಬೇಡಿ. 'ಇಲ್ಲಿ ಮುಂದಿನ ಹುದ್ದೆ ಸದ್ಯಕ್ಕೆ ಖಾಲಿಯಾಗುವುದಿಲ್ಲ' ಎಂಬುದು ಸಾಲದೇ? ನೋಟಿಸ್ ಅವಧಿ ಪತ್ರದಲ್ಲಿ 90 ದಿನವೆಂದಿದ್ದರೆ 30 ಎನ್ನಬೇಡಿ. ಪರಿಚಯಸ್ಥರ ಹೆಸರು ಕೇಳುವ ಕಡೆ ಈಗಿನ ಮ್ಯಾನೇಜರರ ಸಂಖ್ಯೆ ಕೊಟ್ಟು, ಅವರಿಗೆ ಮೊದಲ ಸುದ್ದಿ ಫೋನಿನಲ್ಲಿ ಹೋಗುವಂತೆ ಮಾಡಿಕೊಳ್ಳಬೇಡಿ. 'ಆಫರ್ ಕೊಟ್ಟ ನಂತರ' ಎಂದು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಂದೆಯ ಉದ್ಯೋಗ, ಅಣ್ಣತಮ್ಮಂದಿರ ವಿದ್ಯಾಭ್ಯಾಸ ಇತ್ಯಾದಿ ಇನ್ನೂ ಏಕೆ ಕೇಳುತ್ತಾರೋ ನನಗೂ ಅರ್ಥವಾಗಿಲ್ಲ, ಒಂದೊಂದು ಪದದಲ್ಲಿ ಮುಗಿಸಿ.

ಕೊಡುವ ಮೊದಲು ಆರೂ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮೂರು ವಾರದ ಮೇಲೆ ಸಂದರ್ಶನದಲ್ಲಿ ಅವರ ಮುಂದೆ ಆ ಫಾರಂ ಇರುತ್ತದೆ, 'ಆ 50 ಗುತ್ತಿಗೆಯವರ ಹಾಜರಿ ಯಾರು ನೋಡುತ್ತಿದ್ದರು?' ಎಂದು ಕೇಳುತ್ತಾರೆ.